ಮಣ್ಣಿನ ಪೈಪಿನ ಬೆನ್ನು ಹತ್ತಿ ಎಂಟು ದಿನ

ನಮ್ಮದು ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿ. ನಮ್ಮೂರಲ್ಲಿ 'ಸೊಪ್ಪು' ಅಂದರೆ ಯಾರೂ ದಂಟಿನ ಸೊಪ್ಪು, ಮೆಂತ್ಯ ಸೊಪ್ಪು ಅಂದುಕೊಳ್ಳುವುದಿಲ್ಲ. ಸೊಪ್ಪು ಅಂದರೆ ಹೊಗೆಸೊಪ್ಪು, ವರ್ಜೀನಿಯಾ. ಅಪ್ಪನಿಗೆ ಈಗಲೂ ಒಂದು ಬ್ಯಾರನ್ ಇದೆ, ಅಂದರೆ ಸೊಪ್ಪಿಗೆ ಕಾವು ಕೊಟ್ಟು ಹದ ಮಾಡುವ ಮನೆ. ಜುಲೈ, ಆಗಸ್ಟ್ ಬಂತೆಂದರೆ ರಾತ್ರಿಯಿಡೀ ಸೌದೆ ಹಾಕುತ್ತಾ ಕೂರುವ ಕೆಲಸ. ಅಂಥ ಮನೆಯಲ್ಲಿ ಹುಟ್ಟಿದವನು ನಾನು. ಮೈಸೂರಿನಲ್ಲಿ ಕೆಲಸ ಮಾಡುತ್ತಾ ಹೊಗೆ ಸೇದುವ ಮಣ್ಣಿನ ಪೈಪು ಕೂಡಿಹಾಕುವ ಹುಚ್ಚು ಯಾವಾಗ ಹತ್ತಿಸಿಕೊಂಡೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಜಾತ್ರೆಯಲ್ಲಿ ಕೊಂಡ ಒಂದು ಚಿಲುಮೆಯಿಂದ ಶುರುವಾಯಿತು ಅನ್ನಬಹುದು. ಸೇದುವುದು ಅಪರೂಪ, ತಿಂಗಳಿಗೆ ಒಂದೆರಡು ಸಲ. ನೋಡುವುದು, ತಿರುಗಿಸುವುದು, ಅಳೆಯುವುದು ಜಾಸ್ತಿ.

ಯುರೋಪಿನವರ ಮಣ್ಣಿನ ಪೈಪು ನಮ್ಮ ಚಿಲುಮೆಯ ಹಾಗಲ್ಲ. ಚಿಲುಮೆ ನೆಟ್ಟಗೆ ಇರುವ ಒಂದು ಕೊಳವೆ, ಕೈ ಬೊಗಸೆಯಲ್ಲಿ ಹಿಡಿದು ಸೇದಬೇಕು. ಅವರದ್ದು ಬಿಳಿ ಮಣ್ಣಿನದು. ತುದಿಯಲ್ಲಿ ಪುಟ್ಟ ಬಟ್ಟಲು, ಅದಕ್ಕೆ ಸೇರಿದ ಹಾಗೆ ಸಣ್ಣಗೆ ಉದ್ದದ ಕೊಳವೆ. ಇಡೀ ಪೈಪು ಒಂದೇ ಮಣ್ಣಿನ ಉಂಡೆಯಿಂದ ಆದದ್ದು. ಕೈಜಾರಿದರೆ ಮುಗಿಯಿತು.

ಅಕ್ಕನ ಮಗ ಲಂಡನ್ನಿನಲ್ಲಿ ಕೆಲಸಕ್ಕಿದ್ದಾನೆ. "ಮಾವ, ಒಂದ್ಸಲ ಬನ್ನಿ, ಇಲ್ಲಿ ನದಿ ದಂಡೇಲಿ ನಿಮ್ಮ ಪೈಪುಗಳು ಜಲ್ಲಿ ಥರ ಬಿದ್ದಿವೆ" ಅಂತ ಮೂರು ವರ್ಷದಿಂದ ಹೇಳುತ್ತಿದ್ದ. ಹೋದೆ.

ಮೊದಲ ದಿನ, ಶನಿವಾರ

ಬೆಳಗ್ಗೆ ಹೀಥ್ರೂ. ಅಳಿಯನ ಮನೆ ಹೌನ್ಸ್ಲೋದಲ್ಲಿ, ವಿಮಾನಗಳು ತಲೆ ಸವರಿಕೊಂಡೇ ಹೋಗುತ್ತವೆ. ಉಪ್ಪಿಟ್ಟು ತಿಂದು ಮಲಗಿದವನು ಎದ್ದಾಗ ಸಂಜೆ ನಾಲ್ಕು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು, ಹಾಗಾಗಿ ದಿನ ಹಾಳಾಗಲಿಲ್ಲ.

ಅಳಿಯ ಮೊದಲು ಕರೆದುಕೊಂಡು ಹೋದದ್ದು ಆಲ್ಬರ್ಟ್ ಎಂಬಾಂಕ್‌ಮೆಂಟಿಗೆ. ಅಲ್ಲಿ ಥೇಮ್ಸ್ ದಂಡೆಯ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕೈಮುಗಿದು, ಫೋಟೋ ತೆಗೆದು, ಗೋಡೆಯ ಮೇಲಿಂದ ಬಗ್ಗಿ ನೋಡಿದರೆ ಕೆಳಗೆ ನೀರು ತುಂಬಿತ್ತು. "ಎಲ್ಲೋ ಪೈಪು?" ಅಂದೆ. "ಈಗ ನೀರಿದೆ ಮಾವ, ನಾಳೆ ಇಳಿತ ನೋಡ್ಕೊಂಡು ಹೋಗೋಣ" ಅಂದ. ಲಂಡನ್ನಿನಲ್ಲಿ ಥೇಮ್ಸ್ ಸಮುದ್ರದ ಮಾತು ಕೇಳುವ ನದಿ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ವ್ಯತ್ಯಾಸ 7 ಮೀಟರಿನಷ್ಟು. ಕಾವೇರಿ ನೋಡಿ ಬೆಳೆದವರಿಗೆ ಇದು ವಿಚಿತ್ರವೇ.

ಎರಡನೇ ದಿನ, ಭಾನುವಾರ

ಇಳಿತಕ್ಕೆ ಒಂದು ಗಂಟೆ ಮುಂಚೆಯೇ ಬ್ಯಾಂಕ್‌ಸೈಡ್ ತಲುಪಿದೆವು. ನಮಗಾಗಿ ಒಬ್ಬರು ಅಜ್ಜಿ ಕಾಯುತ್ತಿದ್ದರು. ಅಳಿಯನ ಹಳೆಯ ಮನೆಯ ಪಕ್ಕದವರು, ನಿವೃತ್ತಿ ಆದಮೇಲೆ ನದಿ ದಂಡೆ ಹುಡುಕುವುದೇ ಅವರ ಕೆಲಸ. ಮೊಣಕಾಲಿಗೆ ಪ್ಯಾಡ್, ಕೈಗೆ ರಬ್ಬರ್ ಗ್ಲೌಸ್, ಸೊಂಟದಲ್ಲಿ ಒಂದು ಚೀಲ.

ಮೊದಲೇ ಅವರು ಕಾನೂನು ಹೇಳಿದರು. ಅಲ್ಲಿ ಹುಡುಕಬೇಕೆಂದರೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಅವರಿಗಿದೆ, ನನಗಿಲ್ಲ. 300 ವರ್ಷಕ್ಕಿಂತ ಹಳೆಯದು ಸಿಕ್ಕಿದರೆ ಮ್ಯೂಸಿಯಂನವರಿಗೆ ತೋರಿಸಬೇಕು. ಅದೂ ಅಲ್ಲದೆ, ಇಂಗ್ಲೆಂಡಿನ ಮಣ್ಣಲ್ಲಿ ಸಿಕ್ಕ 50 ವರ್ಷಕ್ಕಿಂತ ಹಳೆಯ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕು. ಅಂದರೆ ಒಂದು ಚೂರೂ ಮೈಸೂರಿಗೆ ಬರುವ ಹಾಗಿಲ್ಲ. "ನೀವು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಹಿಂದೆ ಬನ್ನಿ" ಅಂದರು. ಮೇಷ್ಟ್ರು ಹೇಳಿದ ಹಾಗೆ ಕಟ್ಟಿಕೊಂಡೆ.

ಮೆಟ್ಟಿಲಿಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ. ಕಲ್ಲು, ಇಟ್ಟಿಗೆ ಚೂರು, ದನದ ಮೂಳೆ, ಕಪ್ಪೆಚಿಪ್ಪು, ಇವುಗಳ ನಡುವೆ ಬಿಳಿ ಬಿಳಿಯಾಗಿ ಸೀಮೆಸುಣ್ಣದ ತುಂಡುಗಳು. ಎಲ್ಲ ಪೈಪಿನ ಕೊಳವೆ. ಒಂದಲ್ಲ, ಹತ್ತಲ್ಲ, ನಿಂತಲ್ಲೇ ಎಣಿಸಿದರೆ ಮೂವತ್ತು. ಮೈಸೂರಿನಲ್ಲಿ ನಾನು ಗಾಜಿನ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡಿರುವಂಥದ್ದರ ಮೇಲೆ ಇಲ್ಲಿ ಚಪ್ಪಲಿ ಹಾಕಿಕೊಂಡು ನಡೆಯಬೇಕು. ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತು ಬೇಜಾರೇ ಆಯಿತು.

ಇಷ್ಟೊಂದು ಯಾಕೆ ಅಂದರೆ ಕಾರಣ ಸುಲಭ. ಪೈಪು ಅಗ್ಗ, ಬೇಗ ಮುರಿಯುತ್ತದೆ, ಮುರಿದದ್ದು ಅಂಟುವುದಿಲ್ಲ. ನದಿಯ ಮೇಲೆ ದೋಣಿಯವರು, ಹಡಗಿನವರು, ದಂಡೆಯ ಮೇಲೆ ಹೆಂಡದಂಗಡಿಗಳು. ಎಲ್ಲರೂ ಸೇದುತ್ತಿದ್ದರು, ಎಲ್ಲರೂ ಎಸೆಯುತ್ತಿದ್ದರು. ಹದಿನಾರನೇ ಶತಮಾನದ ಕೊನೆಯಿಂದ ಹೆಚ್ಚುಕಡಿಮೆ ಮುನ್ನೂರು ವರ್ಷ ನಡೆದ ಎಸೆತ ಇದು. ಕೆಸರು ಎಲ್ಲವನ್ನೂ ಹಾಗೇ ಇಟ್ಟುಕೊಂಡಿದೆ.

ಅಜ್ಜಿ ಮೊಣಕಾಲೂರಿ ಕೂತರು. ಅವರ ಕಣ್ಣು ನೋಡಬೇಕು! ನಾನು ಕೊಳವೆ ನೋಡುತ್ತಿದ್ದೆ, ಅವರು ಬಟ್ಟಲು ಹುಡುಕುತ್ತಿದ್ದರು. ಕೊಳವೆ ಎಷ್ಟು ಬೇಕಾದರೂ ಸಿಗುತ್ತದೆ, ಬಟ್ಟಲು ಒಡೆಯದೆ ಸಿಗುವುದು ಕಡಿಮೆ. ಅರ್ಧ ಗಂಟೆಯಲ್ಲಿ ಮೂರು ಬಟ್ಟಲು ತೆಗೆದರು. ಅಂಗೈ ಮೇಲೆ ಸಾಲಾಗಿ ಇಟ್ಟು ತೋರಿಸಿದಾಗ, ಈ ಪ್ರವಾಸ ಪೂರ್ತಿ ನನ್ನ ತಲೆಯಲ್ಲಿ ಕೂತ ವಿಷಯ ಅಲ್ಲೇ ಕೂತಿತು.

ಮೊದಲನೆಯದು ಹುರುಳಿಕಾಯಿ ತುದಿಯಷ್ಟು. ಕಿರುಬೆರಳೂ ಒಳಗೆ ಹೋಗದು. ಎರಡನೆಯದು ಸ್ವಲ್ಪ ಉಬ್ಬಿದ ಹೊಟ್ಟೆಯದು, ಹೆಬ್ಬೆರಳ ತುದಿಯಷ್ಟು. ಮೂರನೆಯದು ನೆಟ್ಟಗೆ, ದೊಡ್ಡದಾಗಿ, ಗೋಡೆ ತೆಳ್ಳಗೆ. "ಹಳೆಯದು ಚಿಕ್ಕದು, ಹೊಸದು ದೊಡ್ಡದು. ಹೊಗೆಸೊಪ್ಪು ಅಗ್ಗ ಆಗ್ತಾ ಹೋದ ಹಾಗೆ ಬಟ್ಟಲು ಬೆಳೀತು" ಅಂದರು.

ನಾನು ಹರಾಜು ಕಟ್ಟೆಯಲ್ಲಿ ಬೆಳೆದವನು. ಪ್ರತಿ ವರ್ಷ ಮನೆಯಲ್ಲಿ ಕೇಳಿದ ಮಾತು ಒಂದೇ, ಈ ಸಲ ರೇಟು ಎಷ್ಟು. ಅದೇ ರೇಟು ಇಲ್ಲಿ ಮಣ್ಣಿನಲ್ಲಿ ಬೆಂದು ಕೂತಿದೆ! ಮೊದಲ ಬಟ್ಟಲಿನ ಕಾಲದಲ್ಲಿ ಹೊಗೆಸೊಪ್ಪು ಶ್ರೀಮಂತರ ಸರಕು. 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಅದನ್ನು ಬೈದು ಒಂದು ಪುಸ್ತಕವನ್ನೇ ಬರೆದ. ಬರೆದು ಸುಮ್ಮನಾಗಲಿಲ್ಲ, ಒಂದು ಪೌಂಡ್ ತೂಕಕ್ಕೆ 2 ಪೆನ್ಸ್ ಇದ್ದ ಸುಂಕದ ಮೇಲೆ ಇನ್ನೂ 6 ಶಿಲಿಂಗ್ 8 ಪೆನ್ಸ್ ಹೇರಿದ. ಚಿಟಿಕೆ ಸೊಪ್ಪನ್ನು ಚಿನ್ನದ ಹಾಗೆ ಸೇದಬೇಕಿತ್ತು. ಆಮೇಲೆ 1612ರ ಸುಮಾರಿಗೆ ಅಮೆರಿಕದ ವರ್ಜೀನಿಯಾದಲ್ಲಿ ಜಾನ್ ರಾಲ್ಫ್ ಬೆಳೆ ಹಾಕಿದ, ಅಲ್ಲಿಂದ ಹಡಗು ಹಡಗು ಸೊಪ್ಪು ಬಂತು, ಬೆಲೆ ಬಿತ್ತು. ಬಟ್ಟಲು ಉಬ್ಬಿತು. ನಮ್ಮ ಹೊಲದಲ್ಲಿ ಬೆಳೆಯುವುದಕ್ಕೂ ಅದೇ ವರ್ಜೀನಿಯಾ ಹೆಸರು, ನೋಡಿ.

ನೀರು ಮತ್ತೆ ಏರತೊಡಗಿದ ಮೇಲೆ ಅಜ್ಜಿ ಮನೆಗೆ ಕರೆದರು. ಅಲ್ಲಿ ನನ್ನ ಡ್ರಿಲ್ ಬಿಟ್ಟುಗಳಿಗೆ ಕೆಲಸ ಸಿಕ್ಕಿತು. ಇದಕ್ಕೊಂದು ಕತೆ ಇದೆ. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ವಜ್ಞ ಒಂದು ಲೆಕ್ಕ ಹೇಳಿದ. ಪೈಪಿನ ಕೊಳವೆಯ ಒಳಗಿನ ತೂತು ಹಳೆಯದರಲ್ಲಿ ದೊಡ್ಡದು, ಹೊಸದರಲ್ಲಿ ಸಣ್ಣದು. ಕೊಳವೆ ಉದ್ದವಾಗುತ್ತಾ ಹೋದ ಹಾಗೆ ತೂತು ಮಾಡುವ ತಂತಿ ಸಣ್ಣದಾಯಿತು, ಇಲ್ಲದಿದ್ದರೆ ಮಣ್ಣು ಒಡೆಯುತ್ತದೆ. 1600ರ ಆಸುಪಾಸಿನದು ಒಂದಿಂಚಿನ 64ರಲ್ಲಿ 9 ಭಾಗ, 1700ರ ಹೊತ್ತಿಗೆ 6, 1750ರಾಚೆಗೆ 4. ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ನೋಡಿದರೆ ಕಾಲ ಗೊತ್ತಾಗುತ್ತದೆ. ಮೈಸೂರಿನ ಹಾರ್ಡ್‌ವೇರ್ ಅಂಗಡಿಯವನಿಗೆ '64ರಲ್ಲಿ 9' ಅಂದರೆ ಮುಖ ನೋಡಿದ. ಮಿಲಿಮೀಟರಿನದೇ ತಂದಿದ್ದೆ. ಎರಡು ಮಿಲಿಮೀಟರು ಅಂದರೆ ಹೆಚ್ಚುಕಡಿಮೆ 5, ಎರಡು ಮುಕ್ಕಾಲು ಅಂದರೆ 7, ಮೂರೂವರೆ ಅಂದರೆ 9ಕ್ಕೆ ಹತ್ತಿರ. ಅಜ್ಜಿಯ ಬಿಸ್ಕತ್ ಡಬ್ಬಿಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಕೊಳವೆ ತುಂಡುಗಳನ್ನು ಇಬ್ಬರೂ ಟೀ ಕುಡಿಯುತ್ತಾ ಅಳೆದೆವು. ಒಂದೇ ತುಂಡು ಇಟ್ಟುಕೊಂಡು ಕಾಲ ಹೇಳಲು ಹೋದರೆ ಮೋಸ ಹೋಗುತ್ತೀರಿ, ರಾಶಿ ಇದ್ದರೆ ಮಾತ್ರ ಈ ಲೆಕ್ಕ ಮಾತಾಡುತ್ತದೆ. ಅಳಿಯ ಸೋಫಾದ ಮೇಲೆ ನಿದ್ದೆ ಹೋಗಿದ್ದ.

ಮೂರನೇ ದಿನ, ಸೋಮವಾರ

ಯೂಸ್ಟನ್ ಸ್ಟೇಷನ್ನಿನಿಂದ ರೈಲು, ನಡುವೆ ಬದಲಾಯಿಸಿ ಟೆಲ್ಫರ್ಡ್. ಅಲ್ಲಿಂದ ಟ್ಯಾಕ್ಸಿಯಲ್ಲಿ ಐರನ್‌ಬ್ರಿಡ್ಜ್. ಸೆವರ್ನ್ ನದಿಯ ಮೇಲಿನ ಕಬ್ಬಿಣದ ಸೇತುವೆ 1779ರದ್ದು. ಎಲ್ಲರೂ ಅದನ್ನು ನೋಡಲು ಬರುತ್ತಾರೆ. ಚೆನ್ನಾಗಿದೆ. ಸುಂಕದ ಮನೆಯ ಬೋರ್ಡು ಇನ್ನೂ ಇದೆ, ರಾಜಮನೆತನದವರೂ ದುಡ್ಡು ಕೊಟ್ಟೇ ದಾಟಬೇಕು ಅಂತ ಬರೆದಿದ್ದಾರೆ. ನಮ್ಮ ಹೆದ್ದಾರಿಯ ಟೋಲ್ ಗೇಟುಗಳಲ್ಲಿ ವಿನಾಯಿತಿ ಇರುವವರ ಪಟ್ಟಿ ನೆನಪಾಗಿ ನಗು ಬಂತು. ಮಳೆ ಶುರುವಾಯಿತು. ರೂಮಿಗೆ ಹೋಗಿ ಅಕ್ಕ ಕಳಿಸಿದ ಚಟ್ನಿಪುಡಿ ಜೊತೆ ಬ್ರೆಡ್ ತಿಂದು ಮಲಗಿದೆ.

ನಾಲ್ಕನೇ ದಿನ, ಮಂಗಳವಾರ

ನದಿಯಾಚೆ ಗುಡ್ಡ ಹತ್ತಿದರೆ ಬ್ರೋಸ್ಲಿ. ಚಿಕ್ಕ ಊರು. ಮನೆಗಳ ನಡುವಿನ ಇಕ್ಕಟ್ಟು ಓಣಿಗಳಿಗೆ ಅಲ್ಲಿಯವರು 'ಜಿಟಿ' ಅನ್ನುತ್ತಾರೆ. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಪೈಪಿಗೆ 'ಬ್ರೋಸ್ಲಿ' ಅಂತಲೇ ಹೆಸರಾಗಿತ್ತಂತೆ, ಬಿದರಿ ಕೆಲಸಕ್ಕೆ ಬೀದರಿನ ಹೆಸರು ಅಂಟಿದ ಹಾಗೆ. ಕಲ್ಲಿದ್ದಲು ಅಲ್ಲೇ, ಮಣ್ಣು ಅಲ್ಲೇ, ಸಾಗಿಸಲು ನದಿ ಅಲ್ಲೇ. ಆಮೇಲೆ ಒಳ್ಳೆಯ ಬಿಳಿ ಮಣ್ಣನ್ನು ದೂರದ ಡೆವನ್, ಕಾರ್ನ್‌ವಾಲ್ ಕಡೆಯಿಂದ ತರಿಸುವಂತಾದರೂ ಕೈಗಾರಿಕೆ ಮಾತ್ರ ಇಲ್ಲೇ ಉಳಿಯಿತು.

ಸೌಥಾರ್ನ್ ಎಂಬ ಮನೆತನದವರು ನಡೆಸುತ್ತಿದ್ದ ಕೊನೆಯ ಕಾರ್ಖಾನೆ 1950ರ ದಶಕದ ಕೊನೆಯಲ್ಲಿ ನಿಂತಿತು. ನಿಂತದ್ದು ನಿಂತ ಹಾಗೆಯೇ ಇತ್ತು, 1996ರಲ್ಲಿ ಅದನ್ನೇ ಮ್ಯೂಸಿಯಂ ಮಾಡಿದರು. ತೆರೆದಿರುವ ದಿನ, ಹೊತ್ತು ಕಡಿಮೆ. ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಕಾಲಿಟ್ಟರೆ ಕೆಲಸದವರು ಊಟಕ್ಕೆ ಎದ್ದು ಹೋದ ಹಾಗೆ ಇದೆ. ಬೆಂಚು, ಅಚ್ಚು, ಧೂಳು, ಒಣಗಲು ಇಟ್ಟ ಹಲಗೆಗಳು. ಹೊರಗೆ ಇಟ್ಟಿಗೆಯಲ್ಲಿ ಕಟ್ಟಿದ, ಸೀಸೆಯ ಆಕಾರದ ಆವಿಗೆ. ನಾನು ಇಷ್ಟು ಖುಷಿಪಟ್ಟ ಮ್ಯೂಸಿಯಂ ಇನ್ನೊಂದಿಲ್ಲ.

ಅಲ್ಲಿದ್ದ ಹಿರಿಯರೊಬ್ಬರು ಮಾಡಿ ತೋರಿಸಿದರು. ಮಣ್ಣನ್ನು ಕೋಡುಬಳೆ ಹೊಸೆದ ಹಾಗೆ ಹೊಸೆಯುತ್ತಾರೆ. ಒಂದು ತುದಿ ದಪ್ಪ, ಉಳಿದದ್ದು ಬಾಲ. ನೋಡಲು ಗೊದಮೊಟ್ಟೆಯ ಥರ. ಅದನ್ನು ಸ್ವಲ್ಪ ಆರಲು ಬಿಡುತ್ತಾರೆ. ಆಮೇಲೆ ಎಣ್ಣೆ ಸವರಿದ ಉಕ್ಕಿನ ತಂತಿಯನ್ನು ಬಾಲದ ತುದಿಯಿಂದ ಒಳಗೆ ತೂರಿಸಬೇಕು. ಕಷ್ಟ ಇರುವುದೇ ಇಲ್ಲಿ. ತಂತಿ ಕಾಣುವುದಿಲ್ಲ. ಎಡಗೈ ಬೆರಳಲ್ಲಿ ಅದರ ದಾರಿ ತಡವುತ್ತಾ, ಮಣ್ಣನ್ನೇ ತಂತಿಯ ಮೇಲೆ ಎಳೆದುಕೊಳ್ಳುತ್ತಾ ಹೋಗಬೇಕು. ಕೂದಲೆಳೆಯಷ್ಟು ತಪ್ಪಿದರೂ ಪಕ್ಕದಿಂದ ಹೊರಬರುತ್ತದೆ. ಅವರು ನನ್ನ ಕೈಗೂ ಕೊಟ್ಟರು. ನಾನು ಮಾಡಿದ್ದು ನಾಲ್ಕು ಇಂಚಿನಲ್ಲೇ ಚುಚ್ಚಿಕೊಂಡು ಹೊರಬಂತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಅವರು ಕೊಡಲಿಲ್ಲ.

ತಂತಿ ಇರುವಂತೆಯೇ ಎರಡು ಹೋಳಿನ ಕಬ್ಬಿಣದ ಅಚ್ಚಿನಲ್ಲಿ ಮಲಗಿಸಿ, ಅಚ್ಚನ್ನು ಒತ್ತುಯಂತ್ರದೊಳಗೆ ಬಿಗಿದು, ಸನ್ನೆ ಎಳೆದರೆ ಮೇಲಿಂದ ಒಂದು ಮೊಳೆ ಇಳಿದು ಬಟ್ಟಲು ಕೊರೆಯುತ್ತದೆ. ಆಗ ತಂತಿಯನ್ನು ಇನ್ನೊಂಚೂರು ದೂಡಿದರೆ ಕೊಳವೆಗೂ ಬಟ್ಟಲಿಗೂ ದಾರಿ ಆಯಿತು. ಹೊರತೆಗೆದು, ಅಚ್ಚಿನ ಏಣು ಕೆರೆದು ನಯ ಮಾಡುತ್ತಾರೆ. ಈ ನಯ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಒಣಗಿದ ಮೇಲೆ ದಪ್ಪ ಮಣ್ಣಿನ ಡಬ್ಬಗಳಲ್ಲಿ ಜೋಡಿಸಿ ಆವಿಗೆಗೆ ಏರಿಸುತ್ತಾರೆ, ಇಲ್ಲದಿದ್ದರೆ ಬೆಂಕಿಯ ಹೊಗೆ ತಾಗಿ ಬಿಳುಪು ಕೆಡುತ್ತದೆ. ನಮ್ಮ ಬ್ಯಾರನ್ನಿನಲ್ಲೂ ಹಾಗೇ ಅಲ್ವಾ, ಹೊಗೆ ಕೊಳವೆಯೊಳಗೇ ಓಡಾಡಿ ಆಚೆ ಹೋಗಬೇಕು, ಸೊಪ್ಪಿಗೆ ಬರೀ ಕಾವು ತಾಗಬೇಕು. ಇದನ್ನು ಆ ಹಿರಿಯರಿಗೆ ಹೇಳಿದೆ. ಪೈಪು ಮಾಡುವ ಊರಿನಲ್ಲಿ ಹುಟ್ಟಿದ ಅವರು ಹೊಗೆಸೊಪ್ಪಿನ ಗಿಡ ನೋಡಿಯೇ ಇಲ್ಲವಂತೆ. ಫೋನಿನಲ್ಲಿದ್ದ ನಮ್ಮ ಹೊಲದ ಫೋಟೋ ತೋರಿಸಿದೆ. "ಇಷ್ಟೆತ್ತರಾನಾ!" ಅಂತ ಬಹಳ ಹೊತ್ತು ನೋಡಿದರು.

ಹೆಂಡದಂಗಡಿಗಳಲ್ಲಿ ಒಂದೇ ಪೈಪನ್ನು ಊರೆಲ್ಲ ಸೇದುತ್ತಿದ್ದರು, ಮುಂದಿನವನು ತುದಿ ಮುರಿದು ಹೊಸ ತುದಿ ಬಾಯಿಗಿಡುತ್ತಿದ್ದ ಅಂತ ಒಂದು ಕತೆ ಎಲ್ಲೆಡೆ ಓಡಾಡುತ್ತದೆ. ನನಗೆ ನಂಬಿಕೆ ಇಲ್ಲ. ಒಬ್ಬನೇ ಮನುಷ್ಯ ಒಂದೇ ಜಾಗದಲ್ಲಿ ಕಚ್ಚಿ ಕಚ್ಚಿ ಸವೆದ ತುದಿಗಳು ಬೇಕಾದಷ್ಟು ಸಿಗುತ್ತವೆ. ಇಂಗ್ಲೆಂಡಿನ ಹಳೆಯ ಸ್ಮಶಾನಗಳನ್ನು ಅಗೆದಾಗ ಸಿಕ್ಕ ಎಷ್ಟೋ ಬುರುಡೆಗಳಲ್ಲಿ ಮೇಲಿನ, ಕೆಳಗಿನ ಹಲ್ಲು ಸೇರುವ ಕಡೆ ಪೈಪಿನಷ್ಟೇ ದುಂಡನೆಯ ತೂತು ಸವೆದಿರುತ್ತದೆ. ಅಷ್ಟು ಕಚ್ಚಿಕೊಂಡಿದ್ದವರು ಹಂಚಿಕೊಂಡಾರೆಯೇ?

ಹೊಸದಾಗಿ ಮಾಡಿದ ಎರಡು ಪೈಪು ಕೊಂಡೆ. ಒಂದು 'ಚರ್ಚ್‌ವಾರ್ಡನ್', ಮೊಳದುದ್ದದ್ದು. ಇನ್ನೊಂದು 1600ರ ಕಾಲದ ಪುಟ್ಟ ಬಟ್ಟಲಿನ ನಕಲು.

ಐದನೇ ದಿನ, ಬುಧವಾರ

ರಾತ್ರಿಯೇ ಲಂಡನ್ನಿಗೆ ವಾಪಸ್ ಬಂದಿದ್ದೆ. ಬಟ್ಟೆ ಒಗೆದದ್ದು ಬಿಟ್ಟರೆ ಇವತ್ತು ಒಂದೇ ಕೆಲಸ, ಹಿತ್ತಲಲ್ಲಿ ಕೂತು ಪುಟ್ಟದನ್ನು ಸೇದಿ ನೋಡುವುದು.

ಮೊದಲು ಸೊಪ್ಪು ತರಬೇಕಲ್ಲ. 50 ಗ್ರಾಂನ ಒಂದು ಪೊಟ್ಟಣಕ್ಕೆ ಇಪ್ಪತ್ತು ಪೌಂಡಿಗೂ ಮೇಲೆ! ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಿದೆ. ಅಪ್ಪನಿಗೆ ಹರಾಜಿನಲ್ಲಿ ಕೆಜಿಗೆ ಸಿಕ್ಕಿದ್ದು ಇನ್ನೂರು ಚಿಲ್ಲರೆ ರೂಪಾಯಿ. ಅಂದರೆ ಈ ಒಂದು ಹಿಡಿ ಸೊಪ್ಪಿಗೆ ಅಪ್ಪ ಹತ್ತು ಕೆಜಿ ಕೊಡಬೇಕು. ಬಹುಪಾಲು ತೆರಿಗೆ. ಜೇಮ್ಸ್ ದೊರೆ ಇನ್ನೂ ಸತ್ತಿಲ್ಲ ಅಂದುಕೊಂಡೆ.

ಸೇದುವವರಿಗೆ ಒಂದೆರಡು ಮಾತು, ನಾನು ಪೆಟ್ಟು ತಿಂದು ಕಲಿತದ್ದು. ಒಣ ಮಣ್ಣು ತುಟಿಗೆ ಅಂಟುತ್ತದೆ. ಅವಸರದಲ್ಲಿ ಎಳೆದೆ, ತುಟಿಯ ಚರ್ಮ ಕಿತ್ತು ಬಂತು. ಅದಕ್ಕೇ ಹಿಂದಿನವರು ತುದಿಗೆ ಮೇಣವನ್ನೋ ಕೆಂಪು ಅರಗಿನಂಥದ್ದನ್ನೋ ಬಳಿಯುತ್ತಿದ್ದರು. ಏನೂ ಇಲ್ಲದಿದ್ದರೆ ತುದಿಯನ್ನು ನೀರಲ್ಲಿ ಅದ್ದಿಕೊಳ್ಳಿ. ಇನ್ನೊಂದು, ಬಟ್ಟಲು ಕೆಂಡದಂತೆ ಸುಡುತ್ತದೆ, ಮುಟ್ಟಬಾರದು. ಕೆಳಗಡೆ ಪುಟ್ಟ ಹಿಮ್ಮಡಿ ಇರುತ್ತದೆ. ಅದನ್ನೋ ಕೊಳವೆಯನ್ನೋ ಹಿಡಿಯಬೇಕು. ಸೊಪ್ಪನ್ನು ಗಿಡಿದು ತುಂಬಬಾರದು, ಸಡಿಲ ಇರಲಿ, ನಿಧಾನ ಎಳೆಯಬೇಕು. ರುಚಿ ಮಾತ್ರ ಬೇರೆಯೇ. ಮರದ ಪೈಪು ತನ್ನ ವಾಸನೆ ಸೇರಿಸುತ್ತದೆ, ನಿನ್ನೆಯ ಸೊಪ್ಪಿನ ನೆನಪು ಇಟ್ಟುಕೊಂಡಿರುತ್ತದೆ. ಮಣ್ಣು ಏನನ್ನೂ ಸೇರಿಸುವುದಿಲ್ಲ. ಸೊಪ್ಪು ಹೇಗಿದೆಯೋ ಹಾಗೆ. ಒಳ್ಳೆಯದಾದರೆ ಒಳ್ಳೆಯದು, ಕೆಟ್ಟದಾದರೆ ಪೂರ್ತಿ ಕೆಟ್ಟದು.

ಪುಟ್ಟ ಬಟ್ಟಲು ಆರೇಳು ನಿಮಿಷಕ್ಕೆ ಖಾಲಿ. ಒಳಗೆಲ್ಲ ಕಪ್ಪಾಗಿತ್ತು. ಸಂಜೆ ಅಳಿಯ ಹಿತ್ತಲಲ್ಲಿ ಇದ್ದಿಲ ಒಲೆ ಹಚ್ಚಿ ಜೋಳ ಸುಡುತ್ತಿದ್ದ. ಪೈಪು ಚೆನ್ನಾಗಿ ಒಣಗಿದೆ ಅಂತ ನೋಡಿಕೊಂಡು, ಮೊದಲು ಒಲೆಯ ಅಂಚಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಕೆಂಡದ ನಡುವೆ ಇಟ್ಟೆ. ಹಸಿ ಇದ್ದರೆ ಸಿಡಿಯುತ್ತದೆ. ಅರ್ಧ ಗಂಟೆ ಬಿಟ್ಟು ಇಕ್ಕಳದಲ್ಲಿ ತೆಗೆದರೆ ಮಲ್ಲಿಗೆಯಂತೆ ಬಿಳಿ! ಹಳೆಯ ಕಾಲದ ಹೆಂಡದಂಗಡಿಯವರು ಕಬ್ಬಿಣದ ಜಾಲರಿಯಲ್ಲಿ ಹತ್ತಾರು ಪೈಪು ಜೋಡಿಸಿ ಒಲೆಗಿಟ್ಟು ಹೀಗೇ ಶುದ್ಧ ಮಾಡುತ್ತಿದ್ದರು. "ಮಾವ, ಪಾತ್ರೆ ತೊಳೆಯೋದೂ ಹಿಂಗೇ ಆಗಿದ್ರೆ ಎಷ್ಟು ಚೆನ್ನಾಗಿತ್ತು" ಅಂದ ಅಳಿಯ.

ರಾತ್ರಿ ಹಾರ್ವಿಚ್‌ನಿಂದ ಹಾಲೆಂಡಿಗೆ ಹಡಗು. ಮೇಲಿನ ಬಂಕಿನಿಂದ ಚೀಲ ಬಿತ್ತು. ಚರ್ಚ್‌ವಾರ್ಡನ್ ಮೂರು ತುಂಡು.

ಆರನೇ ದಿನ, ಗುರುವಾರ

ಬೆಳಗ್ಗೆ ಹುಕ್ ಫಾನ್ ಹಾಲೆಂಡ್, ಅಲ್ಲಿಂದ ರಾಟರ್‌ಡ್ಯಾಮ್ ದಾಟಿ ಗೌಡಾ. ಹಿಂದಿನ ದಿನ ಅಪ್ಪನಿಗೆ ಫೋನ್ ಮಾಡಿ, ನಾಳೆ ಗೌಡಾಕ್ಕೆ ಹೋಗ್ತೀನಿ ಅಂದಿದ್ದೆ. "ಯಾವ ಗೌಡ್ರ ಮನೇಗ್ಲಾ?" ಅಂದರು. ಊರಿನ ಹೆಸರು ಅಂತ ಬಿಡಿಸಿ ಹೇಳಿದರೂ ನಂಬಿದ ಹಾಗೆ ಕಾಣಲಿಲ್ಲ. ಅಲ್ಲಿಯವರು ಗಂಟಲಿನಿಂದ 'ಖೌಡಾ' ಅನ್ನುತ್ತಾರೆ.

ಬೇಸಿಗೆಯ ಗುರುವಾರ ಅಲ್ಲಿ ಚೀಸ್ ಸಂತೆ. ಚೌಕದಲ್ಲಿ 1450ರ ಹೊತ್ತಿನ ಪುರಭವನ, ಅದರ ಮುಂದೆ ಬಂಡಿಗಾಲಿಯಷ್ಟು ದೊಡ್ಡ ಹಳದಿ ಚೀಸ್ ಗುಂಡುಗಳ ಸಾಲು. ಪ್ರಪಂಚಕ್ಕೆ ಈ ಊರು ಚೀಸಿನದು. ಆದರೆ ಚೀಸ್ ಸುತ್ತಲಿನ ಹಳ್ಳಿಗಳಿಂದ ಬಂದು ಇಲ್ಲಿ ಮಾರಾಟವಾಗುತ್ತಿತ್ತು ಅಷ್ಟೇ. ಈ ಊರಿನೊಳಗೆ ಸಾವಿರಾರು ಜನರ ಹೊಟ್ಟೆ ಹೊರೆದದ್ದು ಪೈಪು. ಶುರು ಮಾಡಿದವನು 1617ರಲ್ಲಿ ವಿಲಿಯಂ ಬಾರ್ನೆಲ್ಟ್ಸ್ ಎಂಬ ಇಂಗ್ಲಿಷಿನವನು. 1660ರಲ್ಲಿ ಪೈಪು ಮಾಡುವವರದ್ದೇ ಸಂಘ ಆಯಿತು.

ಮ್ಯೂಸಿಯಂ ಗೌಡಾದಲ್ಲಿ ಒಂದೊಂದೇ ಹಿಮ್ಮಡಿ ನೋಡುತ್ತಾ ಹೋದೆ. ಹಿಮ್ಮಡಿಯ ಅಡಿ ಕಡಲೆಬೇಳೆಯಷ್ಟೂ ಇಲ್ಲ. ಅಷ್ಟರಲ್ಲೇ ಮಾಡಿದವನ ಮುದ್ರೆ. ಹಾಲು ಮಾರುವ ಹೆಂಗಸು, ಕಿರೀಟ ಹೊತ್ತ 46ರ ಅಂಕಿ, ಕಿರೀಟದ ಕೆಳಗೆ ಎರಡು ಅಕ್ಷರ, ಹೀಗೆ. ಈ ಮುದ್ರೆಗಳನ್ನು ಜಮೀನಿನ ಹಾಗೆ ಮಾರುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು, ಮಕ್ಕಳಿಗೆ ಪಾಲು ಮಾಡುತ್ತಿದ್ದರು. ಹೆಸರಿದ್ದ ಮೇಲೆ ನಕಲು ಬಾರದೆ ಇರುತ್ತದೆಯೇ? ಬೇರೆ ಊರಿನವರು ಗೌಡಾದ ಮುದ್ರೆ ಒತ್ತಿ ಮಾರತೊಡಗಿದರು. ಅದಕ್ಕೆ 1740ರ ಹೊತ್ತಿಗೆ ಹಿಮ್ಮಡಿಯ ಪಕ್ಕಕ್ಕೆ ಊರಿನ ಲಾಂಛನ ಬಂತು. ಸಾಧಾರಣ ಮಾಲಾದರೆ ಲಾಂಛನದ ಮೇಲೆ 'ಎಸ್' ಅಕ್ಷರವೂ ಇರಬೇಕು. ಒಳ್ಳೆಯ ಮಾಲನ್ನು ಅಗೇಟ್ ಕಲ್ಲಿನಿಂದ ಉಜ್ಜುತ್ತಿದ್ದರು. ಸುಡುವ ಮೊದಲೇ ಉಜ್ಜಿದ ಆ ಗೆರೆಗಳು ಬೆಳಕಿಗೆ ಹಿಡಿದರೆ ಇನ್ನೂ ಹೊಳೆಯುತ್ತವೆ. ಬ್ರೋಸ್ಲಿಯವರು ಬೇಜಾರು ಮಾಡಿಕೊಳ್ಳಬಾರದು, ಆದರೆ ಕೈಕೆಲಸ ಅಂದರೆ ಗೌಡಾದ್ದೇ. ಇಂಗ್ಲೆಂಡಿನವು ಅದರ ಪಕ್ಕ ಒರಟು.

ಗ್ರೇಡು, ಸೀಲು, ನಕಲು, ಜಗಳ. ನಮ್ಮ ಹರಾಜು ಕಟ್ಟೆಯೇ ಕಣ್ಣಮುಂದೆ ಬಂದ ಹಾಗಾಯಿತು.

ಏಳನೇ ದಿನ, ಶುಕ್ರವಾರ

ಆಮ್‌ಸ್ಟರ್‌ಡ್ಯಾಮ್. ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯ ಮೇಲೆ ಹಳೆಯ ಮನೆಯೊಂದರಲ್ಲಿ ಪೈಪ್ ಮ್ಯೂಸಿಯಂ. ಕೆಳಗೆ ಅಂಗಡಿ, ಮೇಲೆ ಸಂಗ್ರಹ. ಆಫ್ರಿಕದ್ದು, ಅಮೆರಿಕದ ಮೂಲ ನಿವಾಸಿಗಳದ್ದು, ಏಷ್ಯಾದ್ದು, ತುರ್ಕಿಯದ್ದು. ಎರಡು ಗಂಟೆ ಸಾಲಲಿಲ್ಲ. ಮುಖದಾಕಾರದ ಫ್ರೆಂಚ್ ಪೈಪುಗಳು ಬಹಳ ಜನಕ್ಕೆ ಇಷ್ಟ. ಗಾಂಬಿಯೇ, ಫಿಯೋಲೆ ಅಂತ ಹೆಸರಾದ ಕಾರ್ಖಾನೆಗಳವು, ರಾಜ, ಕವಿ, ಕಳ್ಳ ಯಾರ ತಲೆ ಬೇಕಾದರೂ ಸಿಗುತ್ತದೆ. ನನಗೆ ಅಷ್ಟು ಹಿಡಿಸಲಿಲ್ಲ. ತಲೆಗೆ ಸೊಪ್ಪು ತುಂಬಿ ಬೆಂಕಿ ಹಚ್ಚುವುದು ಒಂಥರಾ ಅನ್ನಿಸುತ್ತದೆ.

ಒಂದು ತಮಾಷೆಯ ವಸ್ತು ಮಾತ್ರ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ಗೌಡಾದವರು ಸುಮಾರು ನೂರು ವರ್ಷದ ಹಿಂದೆ ಮಾಡುತ್ತಿದ್ದ ಎರಡು ಗೋಡೆಯ ಪೈಪು. ನೋಡಲು ಬರೀ ಬಿಳಿ. ಸೇದುತ್ತಾ ಹೋದ ಹಾಗೆ ಹೊಗೆಯ ಎಣ್ಣೆ ಮಣ್ಣಿಗೆ ಇಳಿದು, ಅಡಗಿದ್ದ ಚಿತ್ರ ಬಟ್ಟಲಿನ ಮೇಲೆ ಮೂಡುತ್ತದೆ. ಏನು ಚಿತ್ರ ಅಂತ ಮಾರಿದವನಿಗೂ ಗೊತ್ತಿರಲಿಲ್ಲ. ನನ್ನ ಥರ ತಿಂಗಳಿಗೆರಡು ಸಲ ಸೇದುವವನಿಗೆ ಇನ್ನೂ ಏನೂ ಮೂಡಿಲ್ಲ.

ಸಂಜೆ ಕಾಲುವೆ ಪಕ್ಕ ಕೂತಾಗ ಬಿಜಾಪುರ ನೆನಪಾಯಿತು. ಅಕ್ಬರನ ದರಬಾರಿನಿಂದ ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ ಎಂಬವನು ಮೊದಲ ಸಲ ಹೊಗೆಸೊಪ್ಪು ಕಂಡದ್ದು ಅಲ್ಲೇ. ರತ್ನ ಕೂರಿಸಿದ ಪೈಪೊಂದನ್ನು ಮಾಡಿಸಿ, ಸೊಪ್ಪಿನ ಜೊತೆ ಬಾದಶಹನಿಗೆ ಒಪ್ಪಿಸಿದ. ಅದು 1604ರ ಆಸುಪಾಸು, ಜೇಮ್ಸ್ ದೊರೆ ಬೈದು ಬರೆದ ಕಾಲವೇ. ಅಂದರೆ ಉತ್ತರದ ಮೊಗಲರಿಗೆ ಸೊಪ್ಪಿನ ರುಚಿ ಹತ್ತಿಸಿದ್ದು ನಮ್ಮ ಆದಿಲ್‌ಶಾಹಿ ಬಿಜಾಪುರ. ಹೆಮ್ಮೆ ಪಡಬೇಕೋ ಬೇಡವೋ ಗೊತ್ತಾಗದ ಹೆಮ್ಮೆ.

ಎಂಟನೇ ದಿನ, ಮತ್ತು ಊರು

ಶನಿವಾರ ವಿಮಾನ ಹತ್ತಿ ಭಾನುವಾರ ಬೆಂಗಳೂರು, ಅಲ್ಲಿಂದ ನೇರ ಊರಿಗೆ ಬಸ್ಸು. ಪುಟ್ಟ ಪೈಪು ಪೂರ್ತಿ ಪ್ರಯಾಣ ನನ್ನ ಜೇಬಿನಲ್ಲೇ ಇತ್ತು, ಕನ್ನಡಕದ ಡಬ್ಬಿಯೊಳಗೆ.

ಬ್ಯಾರನ್ ತುಂಬಿದ್ದರು. ಅಪ್ಪ ಮುಂದೆ ಮಂದಲಿಗೆ ಹಾಸಿಕೊಂಡು ಕೂತಿದ್ದರು, ಬೆಂಕಿ ಎರಡನೇ ರಾತ್ರಿಗೆ ಬಂದಿತ್ತು. ಐವತ್ತು ಗ್ರಾಂಗೆ ಹತ್ತು ಕೆಜಿ ಲೆಕ್ಕ ಹೇಳಿದೆ. "ಅಲ್ಲೇ ಹೋಗಿ ಮಾರಿ ಬಾ" ಅಂದು ನಕ್ಕರು. ಪೈಪು ತೆಗೆದು ಕೈಗಿಟ್ಟೆ. ಬೆಂಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಬಟ್ಟಲೊಳಗೆ ಕಿರುಬೆರಳು ಇಡಲು ನೋಡಿದರು, ಹೋಗಲಿಲ್ಲ.

"ಇದೇನ್ಲಾ, ಮಕ್ಕಳಾಟಿಕೆ ಥರ ಐತೆ."

ಆಗ ಸೊಪ್ಪು ಅಷ್ಟು ದುಬಾರಿ ಇತ್ತು ಕಣಪ್ಪ, ಅದಕ್ಕೇ ಚಿಕ್ಕದು, ಆಮೇಲೆ ರೇಟು ಬಿದ್ದು ಬಿದ್ದು ದೊಡ್ಡದು ಮಾಡಿದರು ಅಂತ ವಿವರಿಸಿದೆ. ಅಪ್ಪ ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು.

"ರೇಟು ಬಿತ್ತಲ್ಲ, ಆಗ ಬೆಳೆದೋರಿಗೆ ಎಷ್ಟು ಸಿಕ್ತಿತ್ತಂತೆ?"

ಎಂಟು ದಿನದಲ್ಲಿ ನಾನು ಯಾರನ್ನೂ ಕೇಳದ ಪ್ರಶ್ನೆ. ಗೊತ್ತಿದ್ದಷ್ಟು ಹೇಳಿದೆ. ವರ್ಜೀನಿಯಾದಲ್ಲಿ ಮೊದಮೊದಲು ಇಂಗ್ಲೆಂಡಿನಿಂದ ಬಂದ ಜೀತದಾಳುಗಳು ಬೆಳೀತಿದ್ದರು. ಆಮೇಲೆ ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಅವರಿಗೆ ಕೊಡುವುದು ಅಂತ ಏನೂ ಇರಲಿಲ್ಲ.

ಅಪ್ಪ ಪೈಪನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು ಎದ್ದರು. ಬ್ಯಾಟರಿ ಹಿಡಿದು ಕಿಂಡಿಯಲ್ಲಿ ಇಣುಕಿ ಥರ್ಮಾಮೀಟರ್ ನೋಡಿದರು.

"ಹೀಟು ಇಳಿದೈತೆ. ಅಲ್ಲಿಂದ ಎರಡು ಸೌದೆ ತಗೊಂಬಾ."